ಹಳೇ ಸೈಕಲ್ ಮನೆಯಲ್ಲೇ ರಿಪೇರಿ ಮಾಡೋಕೆ ಮೊದಲು ಯಾವ ಟೂಲ್ಸ್ ಬೇಕು?

ವರ್ಷಗಟ್ಟಲೆ ಮೂಲೆಯಲ್ಲಿ ತುಕ್ಕು ಹಿಡಿದು ನಿಂತ ಸೈಕಲ್ಲಿಗೆ ದೊಡ್ಡ ಟೂಲ್ ಕಿಟ್ ತಗೊಳ್ಳಲೇ ಅಂತ ಕೇಳಿದ್ದೀರಿ. ಬೇಡ. ಅದರಲ್ಲಿರೋ ಅರ್ಧ ಸಾಮಾನು ಈಗಿನ ಗೇರ್ ಸೈಕಲ್ಲಿಗೆ ಆಗುವಂಥದ್ದು.

8ರಿಂದ 17 ಎಂಎಂವರೆಗಿನ ಸ್ಪ್ಯಾನರ್ ಸೆಟ್ಟು, ಒಂದು ತುದಿ ರಿಂಗ್ ಇರೋದು, ಮೊದಲು ತಗೊಳ್ಳಿ. ಬಾಯಿ ಅಗಲ ಹೆಚ್ಚು ಕಮ್ಮಿ ಮಾಡೋ ಸ್ಕ್ರೂ ಸ್ಪ್ಯಾನರ್ ಒಂದರಲ್ಲೇ ಎಲ್ಲ ಮುಗಿಸ್ತೀನಿ ಅಂತ ಹೊರಟರೆ ತುಕ್ಕು ಹಿಡಿದ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ, ಆಮೇಲೆ ಯಾವ ಸ್ಪ್ಯಾನರೂ ಹಿಡಿಯಲ್ಲ. ಜೊತೆಗೆ ಸುತ್ತಿಗೆ, ಮೂರು ಟೈರ್ ಲಿವರ್, ತುಕ್ಕು ಬಿಡಿಸೋ ಎಣ್ಣೆ, ಗ್ರೀಸ್. ಈ ಎಣ್ಣೆ ಬಿಗಿದದ್ದನ್ನ ಬಿಡಿಸೋಕೆ ಮಾತ್ರ, ಬೇರಿಂಗಿಗೆ ಗ್ರೀಸೇ ಆಗಬೇಕು. ಎಡಗಡೆ ಪೆಡಲ್ಲಿನ ಥ್ರೆಡ್ಡು ಉಲ್ಟಾ: ಬಿಚ್ಚೋಕೆ ಗಡಿಯಾರದ ಮುಳ್ಳು ತಿರುಗೋ ಕಡೆಗೇ ತಿರುಗಿಸಬೇಕು.

ದುಡ್ಡು ಹಾಕಲೇಬೇಕಾದ್ದು ಕೋನ್ ಸ್ಪ್ಯಾನರಿಗೆ, ಅಂದ್ರೆ ಚಕ್ರದ ನಡುವಿನ ಹಬ್‌ನಲ್ಲಿ ಬೇರಿಂಗ್ ಬಾಲ್ಸನ್ನ ಒತ್ತಿ ಹಿಡಿಯೋ ಕೋನ್ ಅನ್ನೋ ನಟ್ಟನ್ನ ತಿರುಗಿಸೋ ತೆಳು ಸ್ಪ್ಯಾನರಿಗೆ. ದಪ್ಪ ಸುಮಾರು 2 ಎಂಎಂ, ಮಾಮೂಲಿ ಸ್ಪ್ಯಾನರ್ ಅಲ್ಲಿ ತೂರೋದೇ ಇಲ್ಲ. ಹಬ್ ಬಿಚ್ಚುವಾಗ ಕೆಳಗೆ ಬಟ್ಟೆ ಹಾಸಿ, ಬಾಲ್ಸ್ ಎಣಿಸಿಡಿ. ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಒಂದೊಂದು ಕಡೆ 1/4 ಇಂಚಿನವು 9, ಮುಂದಿನದಕ್ಕೆ 3/16 ಇಂಚಿನವು 10. ಒಂದರಲ್ಲಿ ಗುಳಿ ಕಂಡರೂ ಎಲ್ಲ ಬದಲಾಯಿಸಿ. ಕೋನನ್ನ ಒಂದು ಸ್ಪ್ಯಾನರಲ್ಲಿ ಹಿಡಿದುಕೊಂಡೇ ಅದರ ಹೊರಗಡೆಯ ಲಾಕ್‌ನಟ್ ಬಿಗಿ ಮಾಡಿ; ಬಿಗಿ ಮಾಡುವಾಗ ಕೋನ್ ಕೊಂಚ ಜರುಗೋದರಿಂದ ಆಮೇಲೂ ತಿರುಗಿಸಿ ನೋಡಿ.

ಹೆಚ್ಚು ಜನ ಸೋಲೋದು ಕಾಟರ್ ಪಿನ್ ಹತ್ರ, ಅಂದ್ರೆ ಕ್ರ್ಯಾಂಕನ್ನ (ಪೆಡಲ್ ಕೂರೋ ತೋಳು) ಆಕ್ಸಲ್ಲಿಗೆ ಬಿಗಿದಿಡೋ ಪಿನ್ ಹತ್ರ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಿ. ನಟ್ಟನ್ನ ಪೂರ್ತಿ ತೆಗೀಬೇಡಿ, ಪಿನ್ನಿನ ತುದಿಗೆ ಸಮ ಆಗೋವರೆಗೆ ಸಡಿಲಿಸಿ. ಇಲ್ಲಾಂದ್ರೆ ಥ್ರೆಡ್ಡು ಚಪ್ಪಟೆಯಾಗುತ್ತೆ. ಪಿನ್ ಇಳಿಯೋಕೆ ಜಾಗ ಇರೋ ಗಟ್ಟಿ ಪೈಪ್ ತುಂಡನ್ನ ಕ್ರ್ಯಾಂಕಿನ ಕೆಳಗೆ, ನೆಲಕ್ಕೆ ತಾಗೋ ಹಾಗೆ ನಿಲ್ಲಿಸಿ. ಹತ್ತು ಸಲ ಟಕ್ ಟಕ್ ಅನ್ನಿಸೋದಕ್ಕಿಂತ ಒಂದೇ ಸಲ ನೇರವಾಗಿ ಜೋರಾಗಿ ಹೊಡೀರಿ. ಆಸರೆ ಇಲ್ಲದೆ ಹೊಡೆದರೆ ಏಟು ಒಳಗಿನ ಬಾಲ್ಸಿಗೆ ಹೋಗಿ ಅವು ಕೂರೋ ಕಪ್ಪಿನಲ್ಲಿ ಗುಳಿ ಬೀಳುತ್ತೆ. ಹೊಸ ಪಿನ್ ತರೋ ಮುಂಚೆ ಹಳೇದನ್ನ ಅಳೀರಿ, 9, 9.5 ಎಂಎಂ ಎರಡೂ ಸಿಗುತ್ತವೆ. ಎರಡೂ ಪಿನ್ ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಕೂರಬೇಕು, ಇಲ್ಲದಿದ್ರೆ ಪೆಡಲ್‌ಗಳು ಒಂದೇ ನೇರಕ್ಕೆ ಬರಲ್ಲ. ಸ್ವಲ್ಪ ಓಡಿಸಿದ ಮೇಲೆ ನಟ್ಟು ಮತ್ತೆ ಬಿಗಿ ಮಾಡಿ.

ಚೈನಿಗೆ ಸ್ಟೀಲ್ ಸ್ಕೇಲ್ ಸಾಕು. ಪಿನ್ನಿಂದ ಪಿನ್ನಿಗೆ 12 ಇಂಚು ಬರಬೇಕಾದ ಕಡೆ 12 1/8 ಬಂದರೆ ಚೈನ್ ಜೊತೆ ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಚಕ್ರ) ಹಲ್ಲುಗಳೂ ಸವೆದಿರುತ್ತವೆ. ಅಷ್ಟು ಸವೆದಿಲ್ಲ, ಕಟಕಟ ಅಂತ ಸರಿಯಾಗಿ ತಿರುಗ್ತಿದೆ ಅಂದ್ರೆ ಫ್ರೀವೀಲ್ ಬಿಚ್ಚೋಕೆ ಹೋಗಬೇಡಿ, ನಾಲ್ಕು ಹನಿ ಎಣ್ಣೆ ಬಿಡಿ.