ಊತವೇ ಇಲ್ಲದ ಕಣ್ಣಿಗೆ ಊತದ ಹನಿ ಯಾಕೆ?

ನಿಮ್ಮ ತಂದೆಯವರಿಗೆ ಮುಂದಿನ ವಾರ ಪೊರೆ ಆಪರೇಷನ್. ಹಿಂದಿನ ದಿನದಿಂದಲೇ ನೆಪಾಫೆನಾಕ್ ಹನಿ ಹಾಕಿ ಅಂತ ಡಾಕ್ಟರು ಬರೆದಿದ್ದಾರೆ. ಮೆಡಿಕಲ್ ಶಾಪಿನವರು ಇದು ಊತಕ್ಕೆ ಅಂದರಂತೆ. ಕಣ್ಣಲ್ಲಿ ಊತವೂ ಇಲ್ಲ, ಕೆಂಪೂ ಇಲ್ಲ, ಬಿಟ್ಟರೆ ನಡೆಯುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ನಾನು ಕಣ್ಣಾಸ್ಪತ್ರೆಯಲ್ಲಿ ನರ್ಸ್, ಆಪರೇಷನ್‌ಗೆ ಮುಂಚೆ ಹನಿ ಹಾಕೋದೇ ನನ್ನ ಕೆಲಸ.

ಪೊರೆ ಅಂದರೆ ಮಬ್ಬಾದ ಲೆನ್ಸ್, ಅದು ಇರೋದು ಪಾಪೆಯ, ಅಂದರೆ ಕಣ್ಣಿನ ನಡುವಿನ ಕಪ್ಪು ಕಿಂಡಿಯ ಹಿಂದೆ. ಪಾಪೆ ಏಳೆಂಟು ಮಿಲಿಮೀಟರ್ ತೆರೆದಿದ್ದರೆ ಡಾಕ್ಟರಿಗೆ ನಿರಾಳ. ಅದಕ್ಕೆ ಆಪರೇಷನ್ ದಿನ ಟ್ರಾಪಿಕಮೈಡ್, ಫಿನೈಲೆಫ್ರಿನ್ ಎರಡೂ ಸೇರಿದ ಹನಿ ಹಾಕುತ್ತೇವೆ. ಮೊದಲನೆಯದು ಪಾಪೆ ಮುಚ್ಚುವ ಸ್ನಾಯುವನ್ನು ಸುಮ್ಮನಾಗಿಸುತ್ತದೆ, ಎರಡನೆಯದು ತೆರೆಯುವ ಸ್ನಾಯುವಿಗೆ ಕೆಲಸ ಕೊಡುತ್ತದೆ. ಅರ್ಧ ಗಂಟೆ ಕಳೆದರೆ ಕಪ್ಪೇ ಕಪ್ಪು, ಸುತ್ತಲಿನ ಕಂದು ಬಣ್ಣ ತೆಳು ಬಳೆಯಷ್ಟು ಉಳಿದಿರುತ್ತದೆ. ಟಾರ್ಚ್ ಬಿಟ್ಟರೂ ಕದಲಲ್ಲ.

ಆದರೆ ಮುಟ್ಟಿದರೆ ಮುನಿ ಗಿಡ ಗೊತ್ತಲ್ವಾ, ಆ ಕಂದು ಪರದೆಯ ಬುದ್ಧಿಯೂ ಅದೇ. ಉಪಕರಣ ಒಳಗೆ ಹೋಗಿ ಪರದೆಗೆ ಸ್ವಲ್ಪ ತಾಗಿದರೂ ಸಾಕು, ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ಹುಟ್ಟಿಕೊಳ್ಳುತ್ತದೆ. ಅದು ಬಂತು ಅಂದರೆ ಪಾಪೆ ಕುಗ್ಗಲು ಶುರು. ಟ್ರಾಪಿಕಮೈಡ್ ಅದನ್ನು ತಡೆಯಲ್ಲ, ಅದು ಮುಚ್ಚಿದ್ದು ಬೇರೆಯೇ ದಾರಿ. ನೆಪಾಫೆನಾಕ್, ಅದೇ ಜಾತಿಯ ಕೆಟೊರೊಲಾಕ್, ಫ್ಲರ್ಬಿಪ್ರೊಫೆನ್ ಇವೆಲ್ಲ ಆ ರಾಸಾಯನಿಕ ತಯಾರಾಗೋದಕ್ಕೇ ಅಡ್ಡ ಬರುತ್ತವೆ. ಅದಕ್ಕೇ ಮುಂಚಿತವಾಗಿ ಹಾಕಬೇಕು. ಇವು ತಾವಾಗಿ ಪಾಪೆ ತೆರೆಯಲ್ಲ, ತೆರೆದಿದ್ದು ಮುಚ್ಚದಂತೆ ನೋಡಿಕೊಳ್ಳುತ್ತವೆ ಅಷ್ಟೇ. ಫ್ಲರ್ಬಿಪ್ರೊಫೆನ್‌ಗೆ 1986ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ ಈ ಕೆಲಸಕ್ಕೆ. ಅದನ್ನು ಹಾಕೋದು ಆಪರೇಷನ್‌ಗೆ 2 ಗಂಟೆ ಮುಂಚಿನಿಂದ, ಅರ್ಧ ಗಂಟೆಗೊಂದರಂತೆ 4 ಹನಿ.

ಇದರಿಂದ ಆಗುವ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ದೊಡ್ಡದೇನಲ್ಲ. ಆದರೆ ಒಳಗೆ ಲೆನ್ಸ್ ಕೂತಿರುವ ಚೀಲದ ಹಿಂಭಾಗ ಕೂದಲಿಗಿಂತ ಎಷ್ಟೋ ತೆಳು. ಪಾಪೆ ಕುಗ್ಗಿ, ಅಂಚು ಕಾಣದೆ ಕೆಲಸ ಮಾಡುವಾಗ ಅದು ಹರಿದರೆ ಕಷ್ಟ. ಅಲ್ಲಿ ಅರ್ಧ ಮಿಲಿಮೀಟರ್ ಸಿಕ್ಕರೂ ಲಾಭವೇ.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ತಂದೆಯವರು ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಮಾತ್ರೆ ತಗೋತಿದ್ದಾರಾ? ಒಮ್ಮೆ ಒಬ್ಬ ಅಜ್ಜನಿಗೆ ಗಂಟೆಗಟ್ಟಲೆ ಹನಿ ಹಾಕಿದರೂ ಪಾಪೆ ಅರ್ಧಕ್ಕೇ ನಿಂತಿತ್ತು. ಬಿಪಿ, ಶುಗರ್ ಮಾತ್ರೆ ಕೇಳಿದ್ದೆ, ಇದನ್ನು ಕೇಳಿರಲಿಲ್ಲ. ತಪ್ಪು ನನ್ನದೇ. ಒಳಗೆ ಹೋದ ಮೇಲೆ ಪರದೆ ಒದ್ದೆ ಬಟ್ಟೆಯ ಹಾಗೆ ಅಲೆಯಾಡತೊಡಗಿ, ಡಾಕ್ಟರು ಸಣ್ಣ ಕೊಕ್ಕೆ ಹಾಕಿ ಎಳೆದು ಹಿಡಿಯಬೇಕಾಯಿತು. ಆಪರೇಷನ್ ಸರಿಯಾಗೇ ಆಯಿತು ಬಿಡಿ. ಈ ಮಾತ್ರೆಗೂ ಈ ತೊಂದರೆಗೂ ಸಂಬಂಧ ಇದೆ ಅಂತ 2005ರಲ್ಲಿ ಚಾಂಗ್ ಮತ್ತು ಕ್ಯಾಂಪ್‌ಬೆಲ್ ಎಂಬ ಡಾಕ್ಟರುಗಳು ಬರೆದಿದ್ದರು. ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ನಿಲ್ಲಿಸಿದರೂ ಅದರ ಪರಿಣಾಮ ಉಳಿಯಬಹುದು. ಡಾಕ್ಟರಿಗೆ ಮೊದಲೇ ಗೊತ್ತಿದ್ದರೆ ತಯಾರಾಗಿರುತ್ತಾರೆ. ಆಸ್ಪಿರಿನ್‌ನಂಥ ನೋವಿನ ಮಾತ್ರೆಯಿಂದ ಉಬ್ಬಸ ಬಂದದ್ದಿದ್ದರೆ ಅದನ್ನೂ ಹೇಳಿ, ಈ ಹನಿಯೂ ಅದೇ ಜಾತಿಯದು.

ಹಾಕುವಾಗ ಕೆಳರೆಪ್ಪೆ ಎಳೆದು ಒಂದೇ ಹನಿ. ಆಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ. ಬೇರೆ ಹನಿಯೂ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಸ್ವಲ್ಪ ಚುರುಚುರು ಅನ್ನಬಹುದು. ಆಪರೇಷನ್ ಮುಗಿಯಿತು ಅಂತ ಬಾಟಲಿ ಎಸೆಯಬೇಡಿ. ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ (ರೆಟಿನಾ) ಊತ ಬರದಿರಲಿ ಅಂತ ಸಾಮಾನ್ಯವಾಗಿ ಇದನ್ನೇ ಇನ್ನೂ ಎರಡು ವಾರ ಮುಂದುವರಿಸುತ್ತಾರೆ. ಚೀಟಿಯಲ್ಲಿ ಎಷ್ಟು ದಿನ ಅಂತ ಬರೆದಿರುತ್ತದೆ, ನೋಡಿಕೊಳ್ಳಿ.