ಸುಣ್ಣಕಲ್ಲಿನ ಕ್ವಾರಿಯಲ್ಲಿ ಸಸಿ ಹಳದಿಯಾಗುತ್ತಿದೆಯೇ?

ಪ್ರಶ್ನೆ: ಸರ್, ನಮ್ಮೂರ ಪಕ್ಕದ ಹಳೇ ಸುಣ್ಣಕಲ್ಲಿನ ಕ್ವಾರಿಯಲ್ಲಿ ಹೋದ ಮಳೆಗಾಲ ಸಸಿ ನೆಟ್ಟೆವು. ಎಳೆ ಎಲೆಗಳು ಹಳದಿಯಾಗಿ ಸೊರಗುತ್ತಿವೆ. ಅಡಿಕೆ ತೋಟಕ್ಕೆ ಹಾಕುವ ಹಾಗೆ ಸುಣ್ಣ ಹಾಕಿ ಅಂತಾರೆ. ಹಾಕಬಹುದಾ? ಮಣ್ಣು ಪರೀಕ್ಷೆ ಹೇಗೆ ಮಾಡಿಸುವುದು?
– ಓದುಗರೊಬ್ಬರು, ಭದ್ರಾವತಿ ತಾಲ್ಲೂಕು

ಉತ್ತರ: ಸುಣ್ಣ ಮಾತ್ರ ಹಾಕಬೇಡಿ! ನಮ್ಮ ತೋಟಗಳ ಮಣ್ಣು ಜೋರು ಮಳೆಗೆ ತೊಳೆದು ಹುಳಿಯಾಗಿರುತ್ತದೆ, ಅಲ್ಲಿ ಸುಣ್ಣ ಬೇಕು. ಕ್ವಾರಿಯಲ್ಲಿ ಅದೇ ಜಾಸ್ತಿ. ಪಿಎಚ್ (ಮಣ್ಣು ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ) 8ರ ಹತ್ತಿರ ಹೋದರೆ ಕಬ್ಬಿಣ, ಸತು ಮಣ್ಣಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಎಳೆ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿ ಇದೆಯಾ ನೋಡಿ. ಹಾಗಿದ್ದರೆ ಬಹುತೇಕ ಕಬ್ಬಿಣದ ಕೊರತೆಯೇ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಮಣ್ಣಿಗೆ ಸುರಿದರೆ ಸುಮ್ನೆ ದುಡ್ಡು ದಂಡ.

ಪರೀಕ್ಷೆಗೆ ಕ್ವಾರಿಯ ಮಣ್ಣನ್ನೆಲ್ಲ ಒಂದೇ ಚೀಲಕ್ಕೆ ತುಂಬಬೇಡಿ. ಗುಂಡಿಯ ತಳ, ಹೊರಗೆ ಸುರಿದ ಮಣ್ಣಿನ ದಿಬ್ಬ, ಇಳಿಜಾರು ಮೂರೂ ಬೇರೆ ಬೇರೆ. ಜೊತೆಗೆ ಅಗೆಯದ ಪಕ್ಕದ ಜಾಗದ್ದೂ ಒಂದಿರಲಿ, ಹೋಲಿಸಲು ಅದೇ ಆಧಾರ. ಪ್ರತಿ ಕಡೆಯೂ ಹತ್ತಾರು ಜಾಗದಲ್ಲಿ ಆರಿಂಚು ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಡಿ. ಪಿಎಚ್, ಲವಣಾಂಶ, ಸಾವಯವ ಇಂಗಾಲ, ಲಭ್ಯ ರಂಜಕ, ಕಬ್ಬಿಣ, ಸತು ಕೇಳಿ. ಸುಣ್ಣದಂಶವನ್ನು ಮರೆಯಬೇಡಿ, ಮಾಮೂಲಿ ಪರೀಕ್ಷೆಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಕಲ್ಲೆಷ್ಟು, ಮಣ್ಣೆಷ್ಟು ಅಂತ ಜರಡಿ ಹಿಡಿದು ನೀವೇ ತೂಗಬಹುದು. ಶಿವಮೊಗ್ಗದ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ನನ್ನ ಪ್ರಕಾರ ಇದಕ್ಕಿಂತ ಮುಖ್ಯ, ಅಲ್ಲಿ ತಾನಾಗಿ ಏನು ಬೆಳೆದಿದೆ ಅನ್ನೋದು. ಮಳೆ ನಿಂತ ಮೇಲೆ ಹಗ್ಗ ಕಟ್ಟಿ ಮರಕ್ಕೆ 10 ಮೀಟರ್, ಪೊದೆಗೆ 5, ಹುಲ್ಲಿಗೆ 1 ಮೀಟರ್ ಚೌಕ ಮಾಡಿ, ಒಳಗಿನ ಗಿಡಗಳನ್ನು ಎಣಿಸಿ. ಬರೀ ಲಂಟಾನ, ಕಮ್ಯುನಿಸ್ಟ್ ಗಿಡದಂಥ ಹಬ್ಬುವ ಕಳೆ ಇದ್ದರೆ ಮೊದಲು ಅದನ್ನು ತೆಗೆಯಬೇಕು. ಹೊಂಗೆ, ಬೇವು, ಸೀತಾಫಲದ ಮರಿಗಳು ಕಂಡರೆ ಖುಷಿಪಡಿ, ಮುಂದೆ ಅವನ್ನೇ ಹೆಚ್ಚಿಸಿ. ಸಾಗುವಾನಿ, ಅಕೇಶಿಯಾ ಅಂತ ಓಡಬೇಡಿ.

ಕೀನ್ಯಾದ ಮೊಂಬಾಸಾ ಬಳಿಯ ಸಿಮೆಂಟ್ ಕ್ವಾರಿಯಲ್ಲಿ 1970ರ ದಶಕದಲ್ಲಿ 26 ಬಗೆಯ ಸಸಿ ನೆಟ್ಟರೆ ನಿಂತಿದ್ದು ಮೂರೇ. ಅದರಲ್ಲಿ ಮುಖ್ಯವಾದದ್ದು ಗಾಳಿಮರ. ಅದರ ಎಲೆ ಬೇಗ ಕೊಳೆಯದಿದ್ದಾಗ ಸಹಸ್ರಪದಿ ಹುಳಗಳನ್ನು ತಂದು ಬಿಟ್ಟರು. ಅವು ತಿಂದು ಹಾಕಿದ್ದೇ ಮಣ್ಣಾಯಿತು. ನೀವೂ ಮೊದಲ ವರ್ಷ ಹುರುಳಿ, ಸೆಣಬು ಬಿತ್ತಿ, ಸೊಪ್ಪು, ಕೊಟ್ಟಿಗೆ ಗೊಬ್ಬರ ಸೇರಿಸಿ. ಸಸಿ ಆಮೇಲೆ.

ಅಂದಹಾಗೆ, ಜಾಗ ಸರ್ಕಾರದ್ದೋ ಗುತ್ತಿಗೆಯದೋ ಅಂತ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ.