ಹಾಸ್ಪಿಸ್‌ನವರು ಕರೆದರೆ ಹೋಗಿ ಬನ್ನಿ

ಇಂಗ್ಲೆಂಡಿನ ಹಾಸ್ಪಿಸ್‌ನಲ್ಲಿ (ವಾಸಿಯಾಗದ ಕಾಯಿಲೆಯವರನ್ನು ಕೊನೆಗಾಲದಲ್ಲಿ ನೋಡಿಕೊಳ್ಳುವ ಜಾಗ) ತಂದೆ ತೀರಿಕೊಂಡರು, ಊರಲ್ಲಿ ವೈಕುಂಠ ಸಮಾರಾಧನೆಯೂ ಆಯಿತು, ಈಗ ಅದೇ ಹಾಸ್ಪಿಸ್‌ನಿಂದ ತೀರಿಕೊಂಡವರನ್ನು ದೀಪ ಹಚ್ಚಿ ನೆನೆಯುವ ಡಿಸೆಂಬರಿನ ‘ಲೈಟ್ ಅಪ್ ಎ ಲೈಫ್’ ಕಾರ್ಯಕ್ರಮಕ್ಕೆ ಕಾಗದ ಬಂದಿದೆ, ಹೋಗಬೇಕಾ, ಅದು ಚರ್ಚಿನ ಪೂಜೆಯಾ ಅಂತ ಕೇಳಿದ್ದೀರಿ.

ಹೋಗಿ. ನಾನು ನನ್ನ ಅಕ್ಕನಿಗಾಗಿ ಹೋಗಿದ್ದೆ.

ಇಲ್ಲಿನ ಎಷ್ಟೋ ಹಾಸ್ಪಿಸ್‌ಗಳು ಕ್ರಿಸ್‌ಮಸ್‌ಗೆ ಮುಂಚೆ ಇದನ್ನು ನಡೆಸುತ್ತವೆ. ಕೆಲವು ಕಡೆ ಪ್ರಾರ್ಥನೆ, ಕ್ಯಾರಲ್ ಇರುತ್ತವೆ, ಕೆಲವು ಕಡೆ ಧರ್ಮದ ಮಾತೇ ಇರುವುದಿಲ್ಲ. ಫೋನ್ ಮಾಡಿ ಕೇಳಿ, ಹೇಳುತ್ತಾರೆ. ದೇಣಿಗೆ ಫಾರ್ಮ್ ಕಂಡು ಮುಜುಗರ ಪಡಬೇಡಿ. ರೋಗಿಗಳಿಂದ ಹಣ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಜನ ಕೊಡುವ ದುಡ್ಡೇ ಅವರಿಗೆ ದೊಡ್ಡ ಆಧಾರ. ಆದರೆ ಕೊಡಲೇಬೇಕು ಅಂತೇನಿಲ್ಲ.

ಎಲ್ಲ ಮುಗಿದ ಮೇಲೂ ಯಾಕೆ ಕರೆಯುತ್ತಾರೆ ಅಂತ ನನಗೂ ಅನಿಸಿತ್ತು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರು ಮಾಡಿದ ಸಿಸಿಲಿ ಸಾಂಡರ್ಸ್, ರೋಗಿಯ ಜೊತೆ ಮನೆಯವರನ್ನೂ ನೋಡಿಕೊಳ್ಳಬೇಕು ಅಂದವರು. ಆ ಕೆಲಸ ಸಾವಿನ ದಿನಕ್ಕೆ ನಿಲ್ಲುವುದಿಲ್ಲ ಅಲ್ವಾ?

ಊರಲ್ಲಿ ಅಕ್ಕನ ಕಾರ್ಯವೆಲ್ಲ ಅವಳ ಮಗ ಮಾಡಿದ. ಅದು ಸರಿಯೇ. ಆದರೆ ತಂಗಿಗೆ ಅಲ್ಲಿ ಏನು ಕೆಲಸ? ಅವನು ಪಿಂಡ ಇಡುವಾಗ ನಾನು ಅಡುಗೆಮನೆಯಲ್ಲಿ ವಡೆ ಕರಿಯುತ್ತಿದ್ದೆ. ಒಡಹುಟ್ಟಿದವಳು ನಾನು. ಅವಳಿಗೆ ನನ್ನ ಕೈಯಿಂದ ಒಂದು ಹನಿ ನೀರೂ ಬಿಡಲಾಗಲಿಲ್ಲ.

ಹಾಸ್ಪಿಸ್ ತೋಟದಲ್ಲಿ ಯಾರೂ ನನ್ನನ್ನು ಏನಾಗಬೇಕು, ಯಾವ ಗೋತ್ರ ಅಂತ ಕೇಳಲಿಲ್ಲ. ನಾಲ್ಕು ಗಂಟೆಗೆಲ್ಲ ಕತ್ತಲಾಗಿತ್ತು, ಕೈ ಮರಗಟ್ಟುವಷ್ಟು ಚಳಿ. ಕೈಗೊಂದು ಮೇಣದಬತ್ತಿ ಕೊಟ್ಟರು. ವರ್ಷವಿಡೀ ತೀರಿಕೊಂಡವರ ಹೆಸರುಗಳನ್ನು ನರ್ಸ್‌ಗಳು ಒಂದೊಂದಾಗಿ ಓದಿದರು. ನಿಧಾನಕ್ಕೆ, ಒಂದೊಂದು ಹೆಸರಿಗೂ ಸ್ವಲ್ಪ ಹೊತ್ತು ಬಿಟ್ಟು.

ಅಕ್ಕನ ಹೆಸರಲ್ಲಿ ಒಂದು ‘ಳ’ ಇದೆ. ಆಫೀಸಿನಲ್ಲಿ ಇಪ್ಪತ್ತು ವರ್ಷ ಜೊತೆಗಿದ್ದವರೂ ಅದನ್ನು ‘ಲ’ ಅಂತಲೇ ಕರೆದರು, ಅವಳು ತಿದ್ದುವುದನ್ನೂ ಬಿಟ್ಟಿದ್ದಳು. ಆ ನರ್ಸ್ ‘ಳ’ ಅಂದರು. ಸರಿಯಾಗಿ, ನಮ್ಮಮ್ಮ ಕರೆಯುತ್ತಿದ್ದ ಹಾಗೆ. ಮೂರು ತಿಂಗಳಿಂದ ಮನೆಯಲ್ಲಿ ಯಾರೂ ಆ ಹೆಸರು ಎತ್ತಿರಲಿಲ್ಲ, ಎತ್ತಿದರೆ ನಾನು ಅಳುತ್ತೇನೆ ಅಂತ. ಅಲ್ಲಿ ನಿಂತು ಜೋರಾಗಿ ಅತ್ತೆ. ಪಕ್ಕದಲ್ಲಿದ್ದ ಅಜ್ಜ ಒಬ್ಬರು ಏನೂ ಹೇಳದೆ, ಗಾಳಿಗೆ ಆರಿದ ನನ್ನ ಬತ್ತಿಯನ್ನು ತಮ್ಮದರಿಂದ ಹಚ್ಚಿಕೊಟ್ಟರು.

ನೀವು ಹೆಸರು ಬರೆದು ಕಳಿಸುವಾಗ ಅದನ್ನು ಹೇಳುವುದು ಹೇಗೆ ಅಂತಲೂ ಬರೆಯಿರಿ. ಬೆಚ್ಚಗಿನ ಕೋಟು ಹಾಕಿಕೊಂಡು ಹೋಗಿ. ಮುಗಿದ ತಕ್ಷಣ ಹೊರಟುಬಿಡಬೇಡಿ, ಟೀ ಕೊಡುತ್ತಾರೆ, ನಿಲ್ಲಿ. ನಿಮ್ಮ ತಂದೆಯನ್ನು ನೋಡಿಕೊಂಡವರು ಅಲ್ಲೇ ಇರುತ್ತಾರೆ.

ನಾನು ಆ ನರ್ಸ್ ಹತ್ತಿರ ಹೋಗಿ, ‘ಳ’ ಹೇಗೆ ಕಲಿತಿರಿ ಅಂತ ಕೇಳಿದೆ. ಕೊನೆಯ ವಾರ ರಾತ್ರಿ ನಿದ್ದೆ ಬಾರದಾಗ ಅಕ್ಕ ಅವರಿಗೆ ಕನ್ನಡದಲ್ಲಿ ಎಣಿಸುವುದನ್ನು ಹೇಳಿಕೊಡುತ್ತಿದ್ದಳಂತೆ. ಟೀ ಕಪ್ ಕೆಳಗಿಟ್ಟು, ಬೆರಳು ಮಡಚುತ್ತಾ ಒಂದು, ಎರಡು ಅಂತ ಶುರು ಮಾಡಿದರು. ಏಳಕ್ಕೆ ಬಂದಾಗ ಒಂದು ಕ್ಷಣ ನಿಂತು, ನಾಲಿಗೆ ಮಡಚಿ, ಸರಿಯಾಗಿ ಹೇಳಿದರು.